ಬಲಗಡೆ ಮೂಲೆಯ ಫೈಲು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನನ್ನ ನೆನಪಿನಲ್ಲಿ ಚಿಕ್ಕಮ್ಮ ನೀಲಿ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದಾಳೆ. ಅವಳೆದುರು ಹೊಲಿಗೆ ಮಿಷನ್ನಿನ ಮೇಜು, ಅದರ ಮೇಲೆ ಕಂಪ್ಯೂಟರು. ಚಿಕ್ಕಮ್ಮನನ್ನು ಕೇಳಿದರೆ ಆಗ ಮನೆಯಲ್ಲಿ ಕುರ್ಚಿಯೇ ಇರಲಿಲ್ಲ ಅನ್ನುತ್ತಾಳೆ. ಇದ್ದ ಒಂದನ್ನು ಪಕ್ಕದ ಮನೆಯವರು ನಾಮಕರಣಕ್ಕೆಂದು ತೆಗೆದುಕೊಂಡು ಹೋಗಿ ಕಾಲು ಮುರಿದು ತಂದುಕೊಟ್ಟಿದ್ದರಂತೆ, ನಾನು ಅವಳಿಗೆ ಕಂಪ್ಯೂಟರ್ ಪಾಠ ಮಾಡಿದ್ದು ಮಂಚದ ಮೇಲಂತೆ. ನಾನು ದಿನಚರಿ ಬರೆಯುವವಳು. ಹಾಗಾಗಿ ಇಂಥ ವಾದಗಳಲ್ಲಿ ನಾನೇ ಗೆಲ್ಲುತ್ತೇನೆ ಎಂದುಕೊಂಡಿದ್ದೆ. ತೆಗೆದು ನೋಡಿದರೆ ಮೊದಲ ಪಾಠದ ಆ ಭಾನುವಾರದ ಕೆಳಗೆ ‘ನರಸೀಪುರ. ಚಿಕ್ಕಮ್ಮನಿಗೆ ಮೌಸ್ ಹಿಡಿಯುವುದು. ವಾಪಸ್ ಬರುವಾಗ ಸೀಟಿಲ್ಲ’ ಎಂದಷ್ಟೇ ಇದೆ. ಕುರ್ಚಿಯ ಸುದ್ದಿಯಿಲ್ಲ, ಮಂಚದ ಸುದ್ದಿಯೂ ಇಲ್ಲ. ಬಸ್ಸಿನ ಸೀಟು ಬರೆದಿಡುವಷ್ಟು ಮುಖ್ಯ ಅಂತ ನನಗೆ ಅನ್ನಿಸಿದ್ದು ಯಾಕೆ ಅಂತಲೂ ಈಗ ಗೊತ್ತಾಗುವುದಿಲ್ಲ.

ಖಚಿತವಾಗಿ ಹೇಳಬಹುದಾದದ್ದನ್ನು ಮೊದಲು ಹೇಳಿಬಿಡುತ್ತೇನೆ. ನನ್ನ ಮನೆ ನಂಜನಗೂಡಿನಲ್ಲಿ, ಕೆಲಸ ನರಸೀಪುರದ ಕಾಲೇಜಿನಲ್ಲಿ, ಇತಿಹಾಸದ ಅತಿಥಿ ಉಪನ್ಯಾಸಕಿ. ಚಿಕ್ಕಮ್ಮ, ಅಂದರೆ ನನ್ನ ಅಮ್ಮನ ತಂಗಿ, ಇರುವುದು ನರಸೀಪುರದಲ್ಲಿ, ಕೆಲಸ ನಂಜನಗೂಡಿನ ಹತ್ತಿರ ತಾಂಡ್ಯದ ಫ್ಯಾಕ್ಟರಿಯಲ್ಲಿ. ಬೆಳಿಗ್ಗೆ ನಾನು ಹೋಗುವ ಬಸ್ಸೂ ಅವಳು ಬರುವ ಬಸ್ಸೂ ದಾರಿಯಲ್ಲೆಲ್ಲೋ ಒಂದಕ್ಕೊಂದು ಎದುರಾಗುತ್ತವೆ. ಕಬ್ಬಿನ ಟ್ರ್ಯಾಕ್ಟರುಗಳ ಕಾಲದಲ್ಲಿ ಎರಡೂ ಬಸ್ಸು ತೆವಳುತ್ತಿದ್ದರೆ ಒಬ್ಬರ ಮುಖ ಒಬ್ಬರಿಗೆ ಕಂಡು ಕೈ ಬೀಸುವುದೂ ಉಂಟು. ಚಿಕ್ಕಪ್ಪನಿಗೆ ಇದು ದೊಡ್ಡ ತಮಾಷೆ. “ನೀವಿಬ್ರೂವೆ ಮನೆ ಅದ್ಲುಬದ್ಲು ಮಾಡ್ಕಳ್ರವ್ವ. ಸುಮ್ಕೆ ಯಾಕೆ ಬಸ್ನೋರ್ನ ಉದ್ಧಾರ ಮಾಡೀರಿ” ಅಂತ ನಾನು ಹೋದಾಗಲೆಲ್ಲ ಹೇಳುತ್ತಾನೆ. ಅವನದು ಗೂಡ್ಸ್ ಆಟೋ. ಬಾಳೆಗೊನೆ, ಸಿಮೆಂಟು, ಶಾಮಿಯಾನ, ಯಾರು ಏನು ಕೊಟ್ಟರೂ ಸಾಗಿಸುತ್ತಾನೆ.

ಚಿಕ್ಕಮ್ಮನ ಫ್ಯಾಕ್ಟರಿಯಲ್ಲಿ ಬಾಟಲಿಗಳ ಮುಚ್ಚಳ ತಯಾರಾಗುತ್ತದೆ. ಬೆಲ್ಟಿನ ಮೇಲೆ ಸಾಲಾಗಿ ಬರುವ ಮುಚ್ಚಳಗಳಲ್ಲಿ ಸೊಟ್ಟಗಾದವನ್ನು ಆರಿಸಿ ಪಕ್ಕಕ್ಕೆ ಹಾಕುವುದು, ಉಳಿದವನ್ನು ಡಬ್ಬಿಗೆ ತುಂಬಿಸುವುದು ಅವಳ ಕೆಲಸವಾಗಿತ್ತು. ಪಾಳಿ ಮುಗಿಯುವವರೆಗೂ ನಿಂತೇ ಇರಬೇಕು. ಮಂಡಿ ಊದಿಕೊಳ್ಳಲು ಶುರುವಾದಾಗ ನಂಜನಗೂಡಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋಗಿದ್ದೆ. ಅವರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡಿ, ನಿಲ್ಲುವುದನ್ನು ಬಿಡಬೇಕು, ಬೇರೆ ದಾರಿಯಿಲ್ಲ ಅಂದರು. ಬಿಡು ಅಂದರೆ ಕೆಲಸವನ್ನೇ ಬಿಡು ಎಂದ ಹಾಗೆ. ಚಿಕ್ಕಪ್ಪನೂ ಅದನ್ನೇ ಹೇಳಿದ. ಅವಳು ಒಪ್ಪಲಿಲ್ಲ.

“ಮನೇಲಿ ಕುಂತ್ಕಂಡ್ರೆ ಮಂಡಿ ವಾಸಿ ಆಯ್ತದೆ. ನಾನು ಒಂಟೋಯ್ತೀನಿ ಅಷ್ಟೆ” ಅಂದಳು ನನ್ನ ಹತ್ತಿರ. ಅದನ್ನು ಅವಳು ನಗುತ್ತ ಹೇಳಿದಳು ಎಂದು ನೆನಪು, ಆದರೆ ಕಣ್ಣು ಎಕ್ಸ್‌ರೇ ಕವರಿನ ಮೇಲೇ ಇತ್ತು.

ಹೀಗಿರುವಾಗ ಫ್ಯಾಕ್ಟರಿಯ ಸ್ಟೋರಿನಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದ ಹುಡುಗಿಗೆ ಮದುವೆ ಗೊತ್ತಾಯಿತು. ದಸರೆಗೆ ಮುಂಚೆ ಬಿಟ್ಟುಹೋಗುತ್ತಾಳೆ ಅಂತ ಸುದ್ದಿ. ಸ್ಟೋರಿನ ಇನ್‌ಚಾರ್ಜ್ ಊಟದ ಹೊತ್ತಿಗೆ ಪ್ಯಾಕಿಂಗ್ ಸೆಕ್ಷನ್ನಿಗೆ ಬಂದು, ನಿಮ್ಮಲ್ಲೇ ಯಾರಿಗಾದರೂ ಕಂಪ್ಯೂಟರ್ ಗೊತ್ತಿದ್ದರೆ ಹೇಳಿ, ದೀಪಾವಳಿಯವರೆಗೂ ಕೂರಿಸಿ ನೋಡುತ್ತೇನೆ, ಆಗದಿದ್ದರೆ ಹೊರಗಿನವರನ್ನು ತೆಗೆದುಕೊಳ್ಳುತ್ತೇನೆ ಅಂದರಂತೆ. ಆ ಸಂಜೆ ಚಿಕ್ಕಮ್ಮ ಬಸ್ಸಿನಿಂದಲೇ ಫೋನ್ ಮಾಡಿದಳು.

“ಗೊತ್ತು ಅಂದ್ಬುಟ್ಟೆ ಕಣೆ.”

“ಏನು ಗೊತ್ತು?”

“ಕಂಪ್ಯೂಟ್ರು.”

“ನಿಂಗೆ ಗೊತ್ತಾ?”

“ನಿಂಗ್ ಗೊತ್ತಲ್ಲ!”

ಅವಳು ಎಸ್ಸೆಸ್ಸೆಲ್ಸಿ ಪಾಸು. ಇಂಗ್ಲಿಷ್ ಅಕ್ಷರ ಓದುತ್ತಾಳೆ, ಫೋನಿನಲ್ಲಿ ಫೋಟೋ ಕಳಿಸುತ್ತಾಳೆ, ಕರೆಂಟ್ ಬಿಲ್ ಕಟ್ಟುತ್ತಾಳೆ. ಕಂಪ್ಯೂಟರನ್ನು ಮುಟ್ಟಿರಲಿಲ್ಲ. ಮುಂದಿನ ವಾರದೊಳಗೆ ಚಿಕ್ಕಪ್ಪ ಬನ್ನೂರಿನಲ್ಲಿ ಮುಚ್ಚುತ್ತಿದ್ದ ಒಂದು ಝೆರಾಕ್ಸ್ ಅಂಗಡಿಯಿಂದ ಹಳೆಯ ಕಂಪ್ಯೂಟರೊಂದನ್ನು ಆಟೋದಲ್ಲಿ, ಬಾಳೆಗೊನೆಗಳ ನಡುವೆ ಕೂರಿಸಿಕೊಂಡು ತಂದ. ಅದರ ಕೀಬೋರ್ಡಿನಲ್ಲಿ ಬಾಳೆಯ ಕರೆ ಹತ್ತಿದ್ದು ಇನ್ನೂ ಇದೆ. ಈ ಗುರುತು ನನ್ನ ನೆನಪಿಗೆ ಬಿಟ್ಟದ್ದಲ್ಲ, ಹೋದ ವಾರವೂ ನೋಡಿದ್ದೇನೆ.

ಭಾನುವಾರ ಭಾನುವಾರ ನಾನು ಹೋಗುತ್ತಿದ್ದೆ. ಮೊದಲ ದಿನ ಮೌಸು ಜರುಗಿಸುತ್ತ ಜರುಗಿಸುತ್ತ ಅಂಚಿಗೆ ಬಂದುಬಿಟ್ಟಿತು. ಅದು ಮೇಜಿನ ಅಂಚೋ, ಮಂಚದ ಅಂಚೋ. ತೆರೆಯ ಮೇಲಿನ ಬಾಣ ಇನ್ನೂ ನಡುವಿನಲ್ಲೇ ಇತ್ತು. “ವಸಿ ಸರ್ಕೊ, ದಾರಿ ಸಾಲ್ದು” ಅಂದಳು. ಮೌಸನ್ನು ಎತ್ತಿ ಹಿಂದಕ್ಕಿಟ್ಟು ಮತ್ತೆ ತಳ್ಳಬಹುದು ಅಂತ ತೋರಿಸಿದಾಗ ಅವಳಿಗೆ ಅದು ಮೋಸದಾಟದ ಹಾಗೆ ಕಂಡಿತು. ಡಬಲ್ ಕ್ಲಿಕ್ಕು ಅದಕ್ಕಿಂತ ಕಷ್ಟ. ಅವಳು ಒಮ್ಮೆ ಒತ್ತಿ, ಆಯಿತೇ ಅಂತ ನೋಡಿ, ಆಮೇಲೆ ಎರಡನೆಯದನ್ನು ಒತ್ತುವಳು. ಹಾಗೆ ನಿಧಾನವಾಗಿ ಒತ್ತಿದರೆ ಫೋಲ್ಡರು ತೆರೆಯುವುದಿಲ್ಲ, ಅದರ ಹೆಸರು ಬದಲಾಯಿಸಬೇಕೇ ಎಂದು ಕಾಯುತ್ತ ನಿಲ್ಲುತ್ತದೆ. ಗಾಬರಿಯಲ್ಲಿ ಯಾವುದೋ ಕೀ ಒತ್ತಿ ಒಂದು ಫೋಲ್ಡರಿಗೆ ಜೆಜೆಜೆಜೆ ಅಂತ ನಾಮಕರಣವಾಯಿತು.

“ಇದೇನ್ ಮೇಡಮ್ಮೋರೆ, ಸಿಸ್ಯಳು ಪಾಸ್ ಆದಾಳಾ?” ಎಂದು ಚಿಕ್ಕಪ್ಪ ಬಾಗಿಲಲ್ಲಿ ನಿಂತು ಕೇಳಿದ.

“ನಿಂಗೆ ರಿವರ್ಸ್ ಗೇರ್ ಬರೋಕೆ ಎಷ್ಟು ದಿನ ಆಯ್ತು, ಅದ್ನ ಏಳು ಮೊದ್ಲು” ಅಂದಳು ಚಿಕ್ಕಮ್ಮ, ತೆರೆಯಿಂದ ಕಣ್ಣು ತೆಗೆಯದೆ. ಅವನು ಕಾಫಿ ಮಾಡಲು ಹೋದ.

ಫೋಲ್ಡರನ್ನು ನಾನು ಡಬ್ಬ ಎಂದು ವಿವರಿಸಿದೆ. ಡಬ್ಬದೊಳಗೆ ಡಬ್ಬ ಇಡಬಹುದು, ಪ್ರತಿ ಡಬ್ಬಕ್ಕೂ ಹೆಸರು ಬರೆಯಬೇಕು, ಒಳಗಿರುವುದು ಏನೆಂದು ಹೆಸರು ನೋಡಿದರೆ ತಿಳಿಯಬೇಕು. ಅವಳು ಒಪ್ಪಿದ ಹಾಗೆ ತಲೆಯಾಡಿಸಿದಳು. ಅದೇ ದಿನ ಅಡುಗೆಮನೆಯಲ್ಲಿ ಒಗ್ಗರಣೆಗೆ ಸಾಸಿವೆ ಹುಡುಕುತ್ತ ನಾನು ಶೆಲ್ಫಿನ ಮುಂದೆ ನಿಂತಿದ್ದೆ. ಸಾಸಿವೆ ಅಂತ ಬರೆದ ಡಬ್ಬದಲ್ಲಿ ಹುರಿಗಡಲೆ ಇತ್ತು. ಕಾಫಿಪುಡಿಯ ಡಬ್ಬದಲ್ಲಿ ಹುಣಸೆಹಣ್ಣು. ಸಾಸಿವೆ ಇದ್ದದ್ದು ಬಿಸ್ಕತ್ತಿನ ಡಬ್ಬದಲ್ಲಿ.

“ಇದೇನು ಚಿಕ್ಕಮ್ಮ, ಹೆಸರೊಂದು ಒಳಗೊಂದು!”

“ಎಸ್ರು ಓದ್ಕಂಡು ಯಾರಾದ್ರೂ ಅಡ್ಗೆ ಮಾಡಾರಾ? ಮ್ಯಾಲಿನ ಸಾಲು, ಎಡಗಡೆ ಎರಡ್ನೇದು, ಅದು ಸಾಸ್ವೆ. ಡಬ್ಬ ಯಾವ್ದಾದ್ರೇನು.”

ಇದು ಅವಳೊಬ್ಬಳ ಅಭ್ಯಾಸವಲ್ಲ. ನನ್ನ ಅಮ್ಮನ ಅಡುಗೆಮನೆಯೂ ಹೀಗೆಯೇ, ಅಜ್ಜಿಯದೂ ಹೀಗೆಯೇ ಇತ್ತು. ಕರೆಂಟು ಹೋದರೂ ಕೈ ಹೋಗಬೇಕಾದ ಕಡೆ ಹೋಗುತ್ತದೆ, ಹೊಸಬರು ಬಂದರೆ ಕಂಗಾಲಾಗುತ್ತಾರೆ. ಆದರೆ ಕಂಪ್ಯೂಟರಿನಲ್ಲೂ ಅವಳು ಹೀಗೆಯೇ ನಡೆಯುತ್ತಿದ್ದಾಳೆ ಎಂಬುದು ನನಗೆ ತಿಳಿದದ್ದು ಇನ್ನೆರಡು ವಾರ ಬಿಟ್ಟು. ಡೆಸ್ಕ್‌ಟಾಪಿನ ಮೇಲೆ ಅವಳು ಅಭ್ಯಾಸಕ್ಕೆಂದು ಮಾಡಿದ ಫೈಲುಗಳೆಲ್ಲ ಚದುರಿಕೊಂಡಿದ್ದವು. ಒಂದು ನಟ್ಟನಡುವೆ, ಎರಡು ಕೆಳಗೆ, ಒಂದು ಒಂಟಿಯಾಗಿ ಬಲಗಡೆ. ಅಚ್ಚುಕಟ್ಟು ಮಾಡೋಣವೆಂದು ಎಲ್ಲವನ್ನೂ ಎಡಗಡೆಗೆ ಸಾಲಾಗಿ ಜೋಡಿಸಿದೆ. ಅವಳು ಕೈ ತೊಳೆದುಕೊಂಡು ಬಂದು ನೋಡಿ ಕೂಗಿದಳು.

“ಯಾಕವ್ವ, ಎಲ್ಲಾನೂವೆ ಎತ್ತಾಕ್ಬುಟ್ಟೆ?”

“ಎಲ್ಲ ಇಲ್ಲೇ ಇದೆ ಚಿಕ್ಕಮ್ಮ, ಹೆಸರು ನೋಡು.”

“ಎಸ್ರು ನಾನೆಲ್ಲಿ ನೋಡ್ದೆ!”

ನಾನು ಅದನ್ನು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಹೇಳಿದೆ, ಎಲ್ಲರೂ ನಕ್ಕರು. ಹೆಸರು ನೋಡಿ ಹುಡುಕುವುದನ್ನು ಮುಂದಿನ ವಾರ ಸರಿಯಾಗಿ ಕಲಿಸಬೇಕೆಂದು ದಿನಚರಿಯಲ್ಲಿ ಬರೆದುಕೊಂಡೆ. ಮುಂದಿನ ವಾರ ಕರೆಂಟು ಇರಲಿಲ್ಲ. ಅದರ ಮುಂದಿನ ವಾರ ಡಿಲೀಟ್ ಪಾಠಕ್ಕೆ ಹೋದೆವು.

ಡಿಲೀಟ್ ಅಂದರೆ ಅವಳಿಗೆ ಭಯ. ಒತ್ತಿದರೆ ಸ್ಟೋರಿನದೆಲ್ಲ ಹೋಗಿಬಿಟ್ಟರೆ? ಆಗ ರೀಸೈಕಲ್ ಬಿನ್ ತೋರಿಸಿದೆ. ಡಿಲೀಟ್ ಮಾಡಿದ್ದು ಎಲ್ಲಿಗೂ ಹೋಗುವುದಿಲ್ಲ, ಇದರೊಳಗೆ ಬಂದು ಬೀಳುತ್ತದೆ, ಬೇಕಾದರೆ ರಿಸ್ಟೋರ್ ಒತ್ತಿ ವಾಪಸ್ ತರಬಹುದು. ಅವಳ ಮುಖ ಅರಳಿತು. “ಅಂದ್ರೆ ಅಟ್ಟ!” ಅಂದಳು. ಅಥವಾ ಅಟ್ಟ ಅಂದದ್ದು ನಾನೇ. ಇದರಲ್ಲಿ ನಮ್ಮಿಬ್ಬರಿಗೂ ಒಮ್ಮತವಿಲ್ಲ. ನಾನು ಅವಳದು ಅನ್ನುತ್ತೇನೆ, ಅವಳು ನನ್ನದು ಅನ್ನುತ್ತಾಳೆ. ಆ ದಿನದ ಕೆಳಗೆ ನಾನು ಬರೆದಿರುವುದು ‘ಡಿಲೀಟ್, ಅಟ್ಟ’ ಎಂಬ ಎರಡೇ ಪದ. ಯಾರ ಬಾಯಿಂದ ಬಂತು ಎಂದು ಬರೆದಿಲ್ಲ. ಯಾರದಾದರೂ ಆಗಲಿ, ಅಂದಿನಿಂದ ನಮ್ಮಿಬ್ಬರ ನಡುವೆ ರೀಸೈಕಲ್ ಬಿನ್ನಿಗೆ ಬೇರೆ ಹೆಸರಿಲ್ಲ. ಅಟ್ಟಕ್ಕೆ ಹಾಕು, ಅಟ್ಟದಿಂದ ಇಳಿಸು.

ಮದುವೆಯ ಹುಡುಗಿ ಬಿಟ್ಟುಹೋದ ಮೇಲೆ ಚಿಕ್ಕಮ್ಮ ಸ್ಟೋರಿನಲ್ಲಿ ಕೂತಳು. ಮೊದಲ ದಿನ ಸಂಜೆ ಫೋನಿನಲ್ಲಿ ಅವಳು ಹೇಳಿದ್ದು ಕಂಪ್ಯೂಟರಿನ ವಿಷಯವಲ್ಲ, ಕುರ್ಚಿಯ ವಿಷಯ. ಅದು ತಿರುಗುತ್ತದೆ, ಮೇಲೆ ಕೆಳಗೆ ಆಗುತ್ತದೆ, ಬೆನ್ನಿಗೆ ಒರಗು ಇದೆ. “ಕುಂತು ಕುಂತು ಸೊಂಟ ಇಡ್ಕಂತು ಕಣೆ” ಎಂದು ದೂರಿದಳು, ಆ ದೂರಿನಲ್ಲಿ ಜಂಬವಿತ್ತು. ಆ ಹುಡುಗಿ ಎಲ್ಲ ಫೈಲನ್ನೂ ಡೆಸ್ಕ್‌ಟಾಪಿನ ಮೇಲೇ ಇಟ್ಟಿದ್ದಳಂತೆ. ಹೆಸರುಗಳೋ, ನ್ಯೂ, ನ್ಯೂ ಒನ್, ಫೈನಲ್, ಫೈನಲ್ ಟೂ. ಕೊನೆಯ ದಿನ ಚಿಕ್ಕಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆಂಟಿ, ಇದು ಬಂದ ಮಾಲು, ಇದು ಹೋದ ಮಾಲು, ಇದು ಗೇಟ್ ಪಾಸು ಎಂದು ಬೆರಳಿಟ್ಟು ತೋರಿಸಿ ಹೋಗಿದ್ದಳು. ಚಿಕ್ಕಮ್ಮನಿಗೆ ಅಷ್ಟೇ ಸಾಕಾಗಿತ್ತು. ಗೇಟ್ ಪಾಸು ಬಲಗಡೆ ಮೂಲೆಯಲ್ಲಿ, ಗಡಿಯಾರದ ಮೇಲೆ. ಲಾರಿ ಹೊರಡುವಾಗ ಅದನ್ನು ತೆರೆದು, ಲಾರಿ ನಂಬರು ಬದಲಿಸಿ, ಸೇವ್ ಮಾಡಿ, ಪ್ರಿಂಟ್ ಕೊಡಬೇಕು. ಆ ಹಾಳೆಯಿಲ್ಲದೆ ಗೇಟಿನವನು ಲಾರಿ ಬಿಡುವುದಿಲ್ಲ. ಆಯುಧಪೂಜೆಯವರೆಗೂ ಅವಳಿಂದ ಒಂದು ಲಾರಿಯೂ ನಿಂತಿರಲಿಲ್ಲ ಎಂದು ಅವಳೇ ಹೇಳುತ್ತಾಳೆ. ನಾನು ನಂಬುತ್ತೇನೆ.

ಆಯುಧಪೂಜೆಯ ಹಿಂದಿನ ದಿನ ಆ ಫ್ಯಾಕ್ಟರಿಯಲ್ಲಿ ಮಧ್ಯಾಹ್ನದ ಮೇಲೆ ಮಿಷನ್ನು ನಿಲ್ಲಿಸುತ್ತಾರೆ. ಅವರವರ ಮಿಷನ್ನನ್ನು ಅವರವರೇ ತೊಳೆದು ಒರೆಸಬೇಕು, ಇನ್ನೊಬ್ಬರದನ್ನು ಮುಟ್ಟಬಾರದು. ಪ್ಯಾಕಿಂಗಿನಲ್ಲಿ ಬೆಲ್ಟಿಗೆ ಮೂರು ನಾಲ್ಕು ಜನ ಪಾಲುದಾರರು. ಚಿಕ್ಕಮ್ಮ ವರ್ಷ ವರ್ಷವೂ ಬೆಲ್ಟಿನ ಕೆಳಗೆ ಬಗ್ಗಿ ಅಡಗಿದ್ದ ಮುಚ್ಚಳಗಳನ್ನೆಲ್ಲ ಹೊರಗೆ ತೆಗೆದು, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಈ ಸಲ ಅವಳಿಗೆ ಅಂತ ಒಂದು ಮಿಷನ್ನಿತ್ತು.

ನಮ್ಮ ಕಡೆ ಹಬ್ಬಕ್ಕೆ ಮನೆ ತೊಳೆಯುವುದೆಂದರೆ ಶೆಲ್ಫಿನಲ್ಲಿರುವುದನ್ನು ಹಾಗೇ ಬಿಟ್ಟು ಸುತ್ತ ಒರೆಸುವುದಲ್ಲ. ಎಲ್ಲವನ್ನೂ ಕೆಳಗಿಳಿಸಬೇಕು, ಕೆಲವನ್ನು ಅಂಗಳಕ್ಕೆ, ಕೆಲವನ್ನು ಅಟ್ಟಕ್ಕೆ. ಬರಿದಾದ ಶೆಲ್ಫನ್ನು ಒರೆಸಿ, ಪೂಜೆ ಮುಗಿದ ಮೇಲೆ ಮತ್ತೆ ಜೋಡಿಸಬೇಕು. ಚಿಕ್ಕಮ್ಮ ಮೊದಲು ಹೊರಗಡೆ ಮಾಡಿದಳು. ಕೀಬೋರ್ಡು ತಲೆಕೆಳಗೆ ಹಿಡಿದು ಕೊಡವಿದಳು, ತೆರೆ ಒರೆಸಿದಳು, ವೈರಿಗಂಟಿದ ಧೂಳು ತೆಗೆದಳು. ಆಮೇಲೆ ಒಳಗಡೆ ನೋಡಿದಳು. ತೆರೆಯ ತುಂಬ ಹಳೆಯ ಹುಡುಗಿಯ ಫೈಲು. ಎಲ್ಲವನ್ನೂ ಒಟ್ಟಿಗೆ ಹಿಡಿದು ಅಟ್ಟಕ್ಕೆ ಹಾಕಿದಳು.

ನನಗೆ ಇದು ತಿಳಿದದ್ದು ಪೂಜೆಯ ದಿನ ಅವಳು ಕಳಿಸಿದ ಫೋಟೋದಿಂದ. ಮಾನಿಟರಿಗೆ ಸೇವಂತಿಗೆ ಹಾರ, ಸಿಪಿಯುವಿಗೆ ಮೂರು ಬೆರಳ ವಿಭೂತಿ, ಕುಂಕುಮ, ಮೌಸಿನ ಮೇಲೂ ಒಂದು ಹೂವಿನ ಎಸಳು. ಪಕ್ಕದಲ್ಲಿ ಚಿಕ್ಕಮ್ಮ ಹಸಿರು ಸೀರೆಯಲ್ಲಿ, ಕೈಯಲ್ಲಿ ಪುರಿ ಕಡ್ಲೆಯ ಪೊಟ್ಟಣ. ತೆರೆ ನೀಲಿಯಾಗಿ, ಬರಿದಾಗಿ ಹೊಳೆಯುತ್ತಿತ್ತು. ಎಡಗಡೆ ಮೇಲೆ ಒಂದೇ ಒಂದು ಚಿತ್ರ. ಫೋಟೋ ದೊಡ್ಡದು ಮಾಡಿ ನೋಡಿದೆ. ಕಾಗದ ತುಂಬಿದ ಕಸದ ಬುಟ್ಟಿ.

ನಾನು ಫೋನ್ ಮಾಡಿದಾಗ ಅವಳು ಬಸ್ಸಿನಲ್ಲಿದ್ದಳು.

“ಚಿಕ್ಕಮ್ಮ, ಫೈಲೆಲ್ಲ ಎಲ್ಲಿ?”

“ಅಟ್ಟದಲ್ಲಿ ಅವೆ. ಚೆನ್ನಾಗ್ ಕಾಣ್ತದಲ್ವಾ? ಇನ್‌ಚಾರ್ಜ್ ಸಾಯೇಬ್ರೂ ಅಂದ್ರು, ನಿಮ್ ಮಿಷನ್ನೇ ಕಣಮ್ಮ ಎಲ್ಲಾರ್ಗಿಂತ ಕ್ಲೀನು ಅಂತ.”

“ಅಟ್ಟ ಖಾಲಿ ಮಾಡಿಲ್ಲ ತಾನೇ?”

“ಯಾಕ್ ಖಾಲಿ ಮಾಡ್ಲಿ? ಅಬ್ಬ ಮುಗುದ್ ಮೇಲೆ ಇಳಿಸ್ತೀನಿ.”

“ಬೇರೆ ಯಾರಾದ್ರೂ ಖಾಲಿ ಮಾಡಿದ್ರೆ?”

ಬಸ್ಸಿನ ಹಾರನ್ನು ಕೇಳಿಸಿತು. “ಖಾಲಿ ಮಾಡುದ್ರೆ ಒಯ್ತದಾ? ಒಯ್ತದೆ ಅಂತ ನೀನು ಏಳ್ನಿಲ್ವಲ್ಲ” ಅಂದಳು.

ಹೇಳಿದ್ದೆ. ಖಾಲಿ ಮಾಡುವವರೆಗೂ ಎಲ್ಲಿಗೂ ಹೋಗುವುದಿಲ್ಲ ಎಂಬ ಪೂರ್ತಿ ವಾಕ್ಯ ನನ್ನ ಕಿವಿಯಲ್ಲೇ ಇದೆ. ಆದರೆ ಅದು ಪಾಠದ ದಿನ ಹೇಳಿದ್ದರಿಂದ ಕಿವಿಯಲ್ಲಿದೆಯೋ, ಈ ಫೋನು ಇಟ್ಟ ಮೇಲೆ ನನಗೆ ನಾನೇ ಮತ್ತೆ ಮತ್ತೆ ಹೇಳಿಕೊಂಡದ್ದರಿಂದ ಇದೆಯೋ ಎಂದು ಯಾರಾದರೂ ಕೇಳಿದರೆ ಉತ್ತರಿಸುವುದು ಕಷ್ಟ.

ವಿಜಯದಶಮಿ ರಜೆ. ಆ ದಿನ ಇಬ್ಬರಿಗೂ ನೆಮ್ಮದಿಯಿರಲಿಲ್ಲ. ಸ್ಟೋರಿನ ಬೀಗದ ಕೈ ಇನ್‌ಚಾರ್ಜ್ ಹತ್ತಿರ. ಫ್ಯಾಕ್ಟರಿ ತೆರೆದ ದಿನ ಅವಳು ಒಂದು ಬಸ್ಸು ಮುಂಚೆಯೇ ಹೊರಟಳು. ಅಟ್ಟದಲ್ಲಿ ಎಲ್ಲವೂ ಇತ್ತು. ಎಲ್ಲವನ್ನೂ ಹಿಡಿದು ರಿಸ್ಟೋರ್ ಒತ್ತಿದಳು, ಎಲ್ಲವೂ ಇಳಿಯಿತು. ‘ಎಲ್ಲಾ ಬಂತು’ ಎಂದು ನನಗೊಂದು ಸಂದೇಶ ಬಂತು, ಜೊತೆಗೆ ಕೈಮುಗಿದ ಚಿತ್ರ. ನಾನು ಬಸ್ಸಿನಲ್ಲಿದ್ದೆ, ಉಸಿರು ಬಿಟ್ಟು ಕಣ್ಣು ಮುಚ್ಚಿ ಕೂತೆ. ಇಳಿದದ್ದು ತನ್ನ ತನ್ನ ಜಾಗಕ್ಕೆ ಇಳಿಯುವುದಿಲ್ಲ, ಎಡಗಡೆಯಿಂದ ಸಿಕ್ಕಿದ ಕಡೆ ಸಾಲಾಗಿ ಕೂರುತ್ತದೆ ಎಂಬುದು ನನಗೂ ಹೊಳೆಯಲಿಲ್ಲ.

ನಾನು ಎರಡನೇ ವರ್ಷದವರಿಗೆ ತಲಕಾಡಿನ ಗಂಗರ ಪಾಠ ಮಾಡುತ್ತಿದ್ದಾಗ ಫೋನು ನಡುಗಿತು. ಅವಳು ನನ್ನ ಕ್ಲಾಸಿನ ಹೊತ್ತಿಗೆ ಎಂದೂ ಫೋನ್ ಮಾಡುವವಳಲ್ಲ. ಹೊರಗೆ ಬಂದೆ. ಆ ವರಾಂಡದಲ್ಲಿ ಸಿಗ್ನಲ್ ಬರುವುದು ನೀರಿನ ಟ್ಯಾಂಕಿನ ಪಕ್ಕದಲ್ಲಿ ಮಾತ್ರ. ಅಲ್ಲಿಗೆ ನಡೆದೆ ಎಂದು ನೆನಪು.

“ಲಾರಿ ನಿಂತದೆ. ಗೇಟ್ ಪಾಸ್ ಸಿಕ್ತಿಲ್ಲ.” ಧ್ವನಿ ತಗ್ಗಿತ್ತು. ಪಕ್ಕದಲ್ಲೇ ಯಾರೋ ಇದ್ದ ಹಾಗೆ.

“ಹೆಸರೇನು ಆ ಫೈಲಿಂದು?”

“ಬಲಗಡೆ ಮೂಲೇಲಿತ್ತು.”

“ಹೆಸರು, ಚಿಕ್ಕಮ್ಮ.”

“ಗಡಿಯಾರದ ಮ್ಯಾಲಿತ್ತು ಕಣೆ! ಈಗ ಎಲ್ಲಾ ಎಡಗಡೆ ಬಂದ್ ಕುಂತವೆ.”

ಹಿಂದಿನಿಂದ ಒಂದು ಗಂಡಸಿನ ಧ್ವನಿ, “ಏನಾಯ್ತ್ರೀ? ಡ್ರೈವರ್ರು ಬೊಬ್ಬೆ ಹೊಡೀತಾವ್ನೆ ಅಲ್ಲಿ” ಅಂದಿತು. ಇನ್‌ಚಾರ್ಜ್ ಇರಬೇಕು. ಚಿಕ್ಕಮ್ಮ “ಬಂತು ಸಾ, ಬಂದೇ ಬುಡ್ತು” ಅಂದಳು. ಅವಳ ಉಸಿರು ಫೋನಿಗೆ ಬಡಿಯುತ್ತಿತ್ತು. ದೀಪಾವಳಿಗೆ ಇನ್ನೂ ಕೆಲವು ವಾರವಿತ್ತು. ಆದರೆ ನೋಡುವುದೆಲ್ಲವನ್ನೂ ಅವರು ಈಗ ಇಲ್ಲೇ ನೋಡಿಬಿಡುತ್ತಾರೆ, ನಾಳೆಯಿಂದ ಮತ್ತೆ ಬೆಲ್ಟು, ಇಲ್ಲದಿದ್ದರೆ ಮನೆ ಎಂದು ನನಗನ್ನಿಸಿತು. ಅವಳಿಗೂ ಅನ್ನಿಸಿರಬೇಕು.

ಮುಂದೆ ನಾನು ಹೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ತೆರೆಯ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡು. ಸಾರ್ಟ್ ಬೈ ಅಂತ ಬರುತ್ತದೆ, ಅದರೊಳಗೆ ಡೇಟ್ ಒತ್ತು. ಈಗ ಎಲ್ಲ ಕೊನೆಗೆ ಸೇವ್ ಮಾಡಿದ ದಿನದ ಪ್ರಕಾರ ಕೂರುತ್ತವೆ. ಹಬ್ಬದ ಹಿಂದಿನ ದಿನ ನೀನು ಕೊನೆಗೆ ಸೇವ್ ಮಾಡಿದ್ದು ಗೇಟ್ ಪಾಸು ತಾನೇ? ಹಾಗಾದರೆ ಅದು ಸಾಲಿನ ಈ ತುದಿಯಲ್ಲಿ ಇರಬೇಕು, ಇಲ್ಲ ಆ ತುದಿಯಲ್ಲಿ ಇರಬೇಕು. ಎರಡನ್ನೂ ತೆರೆದು ನೋಡು. ಹೀಗೆ ಒಂದೊಂದಾಗಿ, ನಿಧಾನವಾಗಿ, ಕ್ಲಾಸಿನಲ್ಲಿ ಹೇಳುವ ಹಾಗೆ ಹೇಳಿದೆ. ಟ್ಯಾಂಕಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಅವಳು ಹೂಂ, ಹೂಂ ಅನ್ನುತ್ತಿದ್ದಳು. ಆಮೇಲೆ ಫೋನು ಕಟ್ಟಾಯಿತು. ನಾನು ಮತ್ತೆ ಮಾಡಲಿಲ್ಲ. ಮಾಡಿದರೆ ಅವಳಿಗೆ ಇನ್ನಷ್ಟು ಗಾಬರಿಯಾದೀತೆಂದು ಕ್ಲಾಸಿಗೆ ಹೋದೆ. ಗಂಗರನ್ನು ಎಲ್ಲಿ ಬಿಟ್ಟಿದ್ದೆ ಅಂತ ಮುಂದಿನ ಬೆಂಚಿನವಳನ್ನು ಕೇಳಬೇಕಾಯಿತು.

ಸಂಜೆ ನಾನೇ ಫೋನ್ ಮಾಡಿದೆ.

“ಸಿಕ್ತಾ?”

“ಊಂ, ಸಿಕ್ತು. ಲಾರಿ ಓಯ್ತು.”

“ಬೈದ್ರಾ?”

“ಬೋದ್ರು. ಆಮೇಕೆ ಟೀ ಕುಡುದ್ರು.”

ಅಷ್ಟೇ. ಆ ರಾತ್ರಿ ನಾನು ದಿನಚರಿಯಲ್ಲಿ ‘ಫೋನಿನಲ್ಲಿ ಹೇಳಿಕೊಟ್ಟೆ, ಫೈಲು ಸಿಕ್ಕಿತು’ ಎಂದು ಬರೆದೆ. ಬರೆಯುವಾಗ ನನಗೆ ಹೆಮ್ಮೆಯಾಗಿತ್ತು. ಮುಂದಿನ ಭಾನುವಾರ ಹೋಗಿ ಹೆಸರಿಡುವ ಪಾಠವನ್ನು ಕೊನೆಗೂ ಮಾಡಿದೆ. ಮರುದಿನ ಕೆಲಸಕ್ಕೆ ಹೋಗಿ ಅವಳು ಸ್ಟೋರಿನ ಎಲ್ಲ ಫೈಲಿಗೂ ಹೆಸರು ಬದಲಿಸಿ, ನನಗೆ ಫೋಟೋ ಕಳಿಸಿದಳು. ಅವಳ ಹೆಸರುಗಳು ನಾನಿಡುವವುಗಳ ಹಾಗೆ ಚುಟುಕಲ್ಲ. ಲಾರಿ ಹೊರಗೆ ಹೋಗುವಾಗ ಕೊಡುವ ಪಾಸು, ಮೈಸೂರಿಂದ ಬಂದ ಮಾಲು ಹೊಸದು, ಹೀಗೆ ಕಂಗ್ಲಿಷಿನಲ್ಲಿ ಒಂದೊಂದೂ ಒಂದು ವಾಕ್ಯ. ಹೆಸರು ಉದ್ದವಾಯಿತು ಅಂದೆ. “ಇರ್ಲಿ ಬುಡು, ನಾಳೀಕೆ ನಂಗ್ ಜ್ವರ ಬಂದ್ರೆ ಇನ್ಯಾರೋ ಕೂರ್ತಾರಲ್ಲ” ಅಂದಳು. ಹೆಸರಿಟ್ಟ ಮೇಲೆ ಎಲ್ಲವನ್ನೂ ಮತ್ತೆ ಹಳೆಯ ಜಾಗಕ್ಕೇ ಎಳೆದು ಕೂರಿಸಿದಳು. ಗೇಟ್ ಪಾಸು ಬಲಗಡೆ ಮೂಲೆಗೆ, ಗಡಿಯಾರದ ಮೇಲೆ.

ದೀಪಾವಳಿ ಕಳೆಯಿತು. ಹೊರಗಿನಿಂದ ಯಾರೂ ಬರಲಿಲ್ಲ. ಇನ್‌ಚಾರ್ಜ್ ಕರೆದು ಏನಾದರೂ ಹೇಳಿದರಾ ಎಂದು ನಾನು ಕೇಳಿದ್ದಕ್ಕೆ, ಹೇಳಿದರು ಅಂದಳು. “ಇರ್ರೀ ನೀವೇ. ಆದ್ರೆ ಇನ್ಮೇಲೆ ಅಟ್ಟಕ್ಕೆ ಹಾಕೋವಾಗ ಹೇಳಿ ಹಾಕ್ರೀ” ಅಂದರಂತೆ. ಚಿಕ್ಕಪ್ಪ ಆ ದಿನ ಬನ್ನೂರಿನಿಂದ ಬರುತ್ತ ಮೈಸೂರು ಪಾಕು ತಂದ. “ನಮ್ ಆಟೋಗೂ ಒಂದು ಕಂಪ್ಯೂಟ್ರು ಆಕ್ಸು, ನೀನು ಕುಂತ್ಕ, ನಾನು ತಳ್ತೀನಿ” ಅಂದ. ಚಿಕ್ಕಮ್ಮ ನಕ್ಕಳು. ಮಂಡಿಯ ಊತ ಪೂರ್ತಿ ಹೋಗಿರಲಿಲ್ಲ, ಈಗಲೂ ಹೋಗಿಲ್ಲ. ಆದರೆ ಬಸ್ಸಿನಿಂದ ಇಳಿಯುವಾಗ ಈಗ ಅವಳು ಎರಡು ಕೈಯಲ್ಲೂ ಕಂಬಿ ಹಿಡಿಯುವುದಿಲ್ಲ.

ಅಟ್ಟ ಎಂಬ ಮಾತು ಇನ್‌ಚಾರ್ಜಿನ ಬಾಯಿಗೆ ಹೇಗೆ ಬಂತು ಎಂದು ನಾನು ಆಗ ಯೋಚಿಸಲಿಲ್ಲ. ಕೆಲವು ವಾರಗಳ ನಂತರ ಫೋನಿನಲ್ಲಿ ಯಾವುದೋ ಹಳೆಯ ನಂಬರು ಹುಡುಕುತ್ತ ಕರೆಗಳ ಪಟ್ಟಿಯಲ್ಲಿ ಹಿಂದಕ್ಕೆ ಹಿಂದಕ್ಕೆ ಹೋದಾಗ ಆ ದಿನದ ಕರೆ ಕಣ್ಣಿಗೆ ಬಿತ್ತು. ಅದು ಒಂದು ನಿಮಿಷವೂ ತುಂಬಿರಲಿಲ್ಲ. ಬೆಳಗಿನ ಹೊತ್ತಿನಲ್ಲಿ ಅವಳದು ಬೇರೆ ಕರೆಯೂ ಇರಲಿಲ್ಲ.

ನಾನು ಕೂತು ಜೋರಾಗಿ ಹೇಳಿ ನೋಡಿದೆ. ಲಾರಿ ನಿಂತದೆ ಎಂಬಲ್ಲಿಂದ ಶುರುಮಾಡಿ, ಅವಳ ಮಾತು, ಇನ್‌ಚಾರ್ಜಿನ ಮಾತು, ನನ್ನ ರೈಟ್ ಕ್ಲಿಕ್ಕು, ಸಾರ್ಟು, ಡೇಟು, ಈ ತುದಿ ಆ ತುದಿ. ಎಷ್ಟು ಓಡಿಸಿದರೂ ಅಷ್ಟು ಹೊತ್ತಿನೊಳಗೆ ಹಿಡಿಸುವುದಿಲ್ಲ. ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡು ಎನ್ನುವಷ್ಟರಲ್ಲಿ ಮುಗಿದುಹೋಗುತ್ತದೆ. ಹಾಗಾದರೆ ಮಿಕ್ಕಿದ್ದನ್ನು ನಾನು ಯಾರಿಗೆ ಹೇಳಿದೆ? ಕಟ್ಟಾದ ಫೋನನ್ನು ಕಿವಿಗಿಟ್ಟುಕೊಂಡು ಟ್ಯಾಂಕಿನ ಪಕ್ಕದಲ್ಲಿ ಮಾತಾಡುತ್ತ ನಿಂತಿದ್ದೆನೇ? ಅಥವಾ ಆ ಪಾಠ ಮುಂದಿನ ಭಾನುವಾರದ್ದು, ಎರಡನ್ನೂ ನಾನು ಆಮೇಲೆ ಹೊಲಿದುಬಿಟ್ಟಿದ್ದೇನೆಯೇ? ಹೂಂ, ಹೂಂ ಎಂಬುದು ಮಾತ್ರ ಈಗಲೂ ಕೇಳಿಸುತ್ತದೆ.

ಇನ್‌ಚಾರ್ಜ್ ಮೌಸನ್ನು ಕೈಗೆ ತೆಗೆದುಕೊಂಡು ತಾವೇ ಹುಡುಕಿರಬಹುದೇ? ಹುಡುಕುತ್ತ ಇದೆಲ್ಲ ಯಾಕ್ರೀ ಹೀಗಾಯ್ತು ಎಂದು ಅವರು ಕೇಳಿದಾಗ ಇವಳು ಅಟ್ಟದ ಕತೆಯನ್ನೆಲ್ಲ ಹೇಳಿರಬಹುದು. ಹಾಗಾಗಿದ್ದರೆ ಇವಳಿಗೆ ಬರುವುದಿಲ್ಲ ಎಂಬುದು ಅವರಿಗೆ ಅಂದೇ ಗೊತ್ತಾಗಿತ್ತು, ಗೊತ್ತಿದ್ದೂ ಇರಿಸಿಕೊಂಡರು. ಇಲ್ಲವೇ ಇವಳೇ ಒಂದೊಂದನ್ನೂ ತೆರೆದು ನೋಡಿರಬಹುದು, ಬೆಲ್ಟಿನ ಮೇಲೆ ಸೊಟ್ಟ ಮುಚ್ಚಳ ಹುಡುಕುವ ಹಾಗೆ. ಮದುವೆಯಾದ ಹುಡುಗಿಗೆ ಫೋನ್ ಮಾಡಿ ಕೇಳಿರಲೂಬಹುದು. ದಿನಚರಿಯ ಆ ಸಾಲನ್ನು ಹೊಡೆದುಹಾಕಬೇಕೆಂದು ಪೆನ್ನು ಹಿಡಿದೆ. ಅದರ ಜಾಗದಲ್ಲಿ ಏನು ಬರೆಯಬೇಕೆಂದು ಗೊತ್ತಿಲ್ಲದ್ದರಿಂದ ಹಾಗೇ ಬಿಟ್ಟೆ.

ಹೋದ ಭಾನುವಾರ ನರಸೀಪುರಕ್ಕೆ ಹೋಗಿದ್ದೆ. ಅವರೆಕಾಯಿಯ ಕಾಲ. ಚಿಕ್ಕಮ್ಮ ನೀಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕಾಯಿ ಸುಲಿಯುತ್ತಿದ್ದಳು. ಕುರ್ಚಿ ಹೊಸದು, ಹೋದ ತಿಂಗಳು ತಂದದ್ದು. ನನ್ನ ನೆನಪಿನ ಕುರ್ಚಿ ಇದೇ ಇರಬಹುದೇನೋ. ನಾನು ಅವಳ ಪಕ್ಕ ನೆಲದ ಮೇಲೆ ಕೂತು ಒಂದು ಹಿಡಿ ತೆಗೆದುಕೊಂಡೆ. ಆ ಕರೆಯ ವಿಷಯ ಹೇಳಿದೆ, ಅದು ಎಷ್ಟು ಚಿಕ್ಕದಿತ್ತು ಎಂದು ಫೋನಿನಲ್ಲೇ ತೋರಿಸಿದೆ. ಅವಳು ಕನ್ನಡಕ ಏರಿಸಿ ನೋಡಿದಳು, ಹೌದಾ ಅಂದಳು, ಕಾಳನ್ನು ಪಾತ್ರೆಗೆ ಹಾಕಿದಳು. ಆಮೇಲೆ ಒಳಗೆ ಒಲೆಯ ಮೇಲಿಟ್ಟ ನೀರು ಕುದಿಯಿತೇನೋ ನೋಡು ಅಂದಳು. ನಾನು ನೋಡಿ ಬಂದೆ. ಕುದಿದಿರಲಿಲ್ಲ.

“ಚಿಕ್ಕಮ್ಮ, ಆವತ್ತು ಫೋನ್ ಕಟ್ಟಾದ ಮೇಲೆ ಆ ಫೈಲನ್ನ ಹುಡುಕಿದ್ದು ಯಾರು?”